ಮೂರನೇ ಟಿವಿಯ ಸಾಕ್ಷಿ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 11:20, ಬೂತ್

ಹನ್ನೊಂದು ಹತ್ತರ ಬಸ್ಸು ಇನ್ನೂ ಬಂದಿಲ್ಲ. ಮೂರು ಸಲ ಕೂಗಿಯಾಯಿತು. ನಾನು ಮೈಕಿನಲ್ಲಿ ಕೂಗಿದರೆ ಬಸ್ಸು ಬರುತ್ತದೆ ಅಂತ ಬಸ್ ಸ್ಟಾಂಡಿನ ಕಂಟ್ರೋಲರ್ ನಂಬಿಕೆ. ಗಾಜಿನ ಗೂಡು, ಒಂದು ಮೈಕು, ತಲೆಯ ಮೇಲೆ ಕಟಕಟ ಅನ್ನುವ ಫ್ಯಾನು. ನನ್ನ ದನಿ ಸ್ಪೀಕರಿನಿಂದ ಹೊರಗೆ ಹೋಗಿ ಅರ್ಧ ಸೆಕೆಂಡು ತಡವಾಗಿ ನನಗೇ ವಾಪಸು ಕೇಳುತ್ತದೆ — ಬೇರೆ ಯಾರೋ ಹೆಂಗಸು ಹೇಳಿದ ಹಾಗೆ. ಎಂ.ಎ. ಮಾಡಿದ್ದು ಕಾವ್ಯದಲ್ಲಿ. ಡ್ರಾಯರಿನಲ್ಲಿ ಸದಾ ಒಂದು ಪದ್ಯದ ಪುಸ್ತಕ. ಎರಡು ಬಸ್ಸುಗಳ ನಡುವೆ ಎಂಟು ಸಾಲು ಓದಬಹುದು.

ನಿನ್ನೆ ಭಾನುವಾರ. ಟಿವಿ ಮೆಕ್ಯಾನಿಕ್ಕರ ಅಂಗಡಿಯ ಹಿಂದಿನ ಕೋಣೆಯಲ್ಲಿ ರಾಕ್ ಹಾಡುಗಾರನೊಬ್ಬನ ಅಭಿಮಾನಿ ಬಳಗ ಸೇರಿತ್ತು. ಏಳು ಜನ, ಐದು ಕುರ್ಚಿ, ಸುತ್ತ ಬಿಚ್ಚಿಟ್ಟ ಟಿವಿಗಳ ರಾಶಿ. ಮನೆಗೆ ಬಂದ ಕೂಡಲೇ ಇವರ ಮಾಮೂಲಿ ಹಾಸ್ಯ — "ಕಾಗೆ ಕೂಗು ಕೇಳೋಕೆ ಕಾಗೆಗಳೆಲ್ಲ ಸೇರಿದ್ವಾ?" ಮದುವೆಯಾಗಿ ಇಪ್ಪತ್ತಮೂರು ವರ್ಷ. ಹಾಸ್ಯ ಅದೇ. ಆ ಹಾಡುಗಾರನಿಗೆ ಅವನ ಗೊಗ್ಗರು ಗಂಟಲಿಗಾಗಿ ಕಾಗೆ ಅಂತ ಹೆಸರಿಟ್ಟವರು ನಾವೇ, ಅಭಿಮಾನಿಗಳು. ಅವನು ಹಾಡುವುದು ನಿಲ್ಲಿಸಿ ಎಷ್ಟೋ ಕಾಲವಾಯಿತು. ನಾವು ನಿಲ್ಲಿಸಿಲ್ಲ.

ಚರ್ಚೆಯೂ ಅದೇ. ಹೆಸರು ಮಾಡುವ ಮುಂಚೆ ಅವನು ಟಿವಿಯಲ್ಲಿ ಹಾಡಿದ್ದು ನಾಲ್ಕು ಸಲ. ಒಂದನೇ ಟಿವಿ, ಎರಡನೇ ಟಿವಿ — ನಾವು ಕರೆಯುವುದೇ ಹಾಗೆ. ಮೊದಲ ಎರಡರಲ್ಲಿ ಹಾಡು ಮುಗಿದ ಮೇಲೆ ಮಾತಾಡುವಾಗ ಪೂರಾ ಹೊಳೆಯಾಚೆಯ ಹಳ್ಳಿಯ ಧಾಟಿ. ಬಾವಿಯಿಂದ ನೀರು ಸೇದಿದ ಹಾಗೆ ಒಂದೊಂದು ಪದವನ್ನೂ ಎಳೆಯುತ್ತಾನೆ. ನಾಲ್ಕನೆಯದರಲ್ಲಿ ಅಚ್ಚ ಸಿಟಿ. ಚುಟುಕು. ಕತ್ತರಿ ಹಾಕಿದ ಹಾಗೆ. ಆಕ್ಸೆಂಟ್ ಬದಲಾದದ್ದು ಮೂರನೇ ಟಿವಿಯಲ್ಲಿ — ಅದರ ಟೇಪೇ ಇಲ್ಲ. ಅದರ ಮೇಲೆ ಬೇರೇನೋ ರೆಕಾರ್ಡ್ ಮಾಡಿಬಿಟ್ಟರಂತೆ. ಅದನ್ನು ಲೈವ್ ಆಗಿ ನೋಡಿದವರು ಬಳಗದಲ್ಲಿ ನಾನೊಬ್ಬಳೇ.

ಹಾಗಾಗಿ ನಿನ್ನೆಯೂ ಹೇಳಿಸಿದರು. ಇಪ್ಪತ್ತೇಳು ವರ್ಷದ ಹಿಂದೆ, ಏಪ್ರಿಲ್ ಹನ್ನೆರಡು. ಟಿವಿ ಮಾರುವ ಅಂಗಡಿಯ ಮುಂದೆ ಗುಂಪು. ಗಾಜಿನಾಚೆ ಒಂಬತ್ತು ಟಿವಿ, ಒಂಬತ್ತು ಕಾಗೆ. ಬಾಗಿಲ ಮೇಲೆ ಒಂದು ಸ್ಪೀಕರು. "ನಿಮ್ಮ ಊರು ಯಾವುದು?" ಅಂತ ಕೇಳಿದರು. ಹಿಂದಿನ ಎರಡು ಸಲ ಅದೇ ಪ್ರಶ್ನೆಗೆ ಹೊಳೆ, ದೋಣಿ, ಅಜ್ಜಿ ಎಲ್ಲ ಹೇಳಿದ್ದವನು ಈ ಸಲ ಒಂದೇ ಮಾತು — "ಇಲ್ಲೇ." ಬಾಗಿಲು ಹಾಕಿಕೊಂಡ ಹಾಗೆ. ನೋಡಿದವರ ಮಾತು ಬರೆದಿಡುವ ಮೆಕ್ಯಾನಿಕ್ಕರ ಸಾಕ್ಷಿ ಪುಸ್ತಕದಲ್ಲಿ ಇದು ಏಳನೇ ಪುಟದಲ್ಲಿದೆ, ನನ್ನ ರುಜು ಸಮೇತ. ನಾನು ಹೇಳುವಾಗ ಯಾರೂ ಚಹಾ ಹೀರುವುದಿಲ್ಲ.

ತಂಗಿ ನಮ್ಮ ಮನೆಗೆ ಬಂದು ಮೂರು ವಾರ. ಅವಳ ಬ್ಯೂಟಿ ಪಾರ್ಲರ್ ಇದ್ದ ಕಟ್ಟಡ ಒಡೆದರು. ಮೇಲಿನ ಮಹಡಿಯಲ್ಲೇ ಅವಳ ಮನೆ; ಎರಡೂ ಒಟ್ಟಿಗೇ ಹೋದವು. ಗಂಡ ಅನ್ನುವವನು ಹೋಗಿ ಹತ್ತು ವರ್ಷ. ಬೇರೆ ಜಾಗ ಸಿಗುವ ತನಕ ಇಲ್ಲಿ. "ಮುಂದಿನ ವಾರ ನಾನೂ ಬರಲಾ ಅಕ್ಕ?" ಅಂದಳು. ನಿನಗೆ ಬೋರ್ ಆಗುತ್ತೆ ಅಂದೆ.

ಬಸ್ಸು ಬಂತು.

ಫೆಬ್ರವರಿ 9, ಭಾನುವಾರ. ಸಂಜೆ

ಬಂದೇ ಬಂದಳು.

ಐದು ಕುರ್ಚಿಯಲ್ಲಿ ಒಂದು ಅವಳಿಗೆ. ಮೆಕ್ಯಾನಿಕ್ಕರು ತಾವೇ ಒರೆಸಿ ಕೊಟ್ಟರು. ಬಳಗದ ಎಂಟು ವರ್ಷದಲ್ಲಿ ನನಗೆ ಯಾರೂ ಕುರ್ಚಿ ಒರೆಸಿಲ್ಲ. ಹೊಸಬರು ಬಂದಿದ್ದಾರೆ, ಇನ್ನೊಂದು ಸಲ ಹೇಳಿ ಮೇಡಂ ಅಂದರು. ಹೇಳಿದೆ. ಚೆನ್ನಾಗಿಯೇ ಹೇಳಿದೆ. ಒಂಬತ್ತು ಟಿವಿ, ಸ್ಪೀಕರು, "ಇಲ್ಲೇ". ತಂಗಿ ಉಗುರು ನೋಡಿಕೊಳ್ಳುತ್ತಿದ್ದವಳು ತಲೆ ಎತ್ತಿ ನನ್ನನ್ನೇ ನೋಡಿದಳು. ಮೆಚ್ಚಿಗೆ ಅಂದುಕೊಂಡೆ.

ಆಮೇಲೆ ವಾದ ಶುರುವಾಯಿತು. ಕಂಪನಿಯವರು ಮಾತು ಕಲಿಸಿದರು ಅಂತ ಒಬ್ಬರು. ಸಿಟಿ ಹುಡುಗಿಯ ಸಹವಾಸ ಅಂತ ಇನ್ನೊಬ್ಬರು. ನಾನು ನನ್ನ ವಾದ ಹೇಳಿದೆ — ಹದಿನೈದು ವರ್ಷದಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದದ್ದು. ಊರು ಬಿಟ್ಟವನ ಒಂಟಿತನ. ಮಾತು ಅಂದರೆ ಮನೆ. ಮನೆ ಕಳೆದವನು ಮೊದಲು ಕಳೆದುಕೊಳ್ಳುವುದು ಅದರ ಉದ್ದನೆಯ ಸ್ವರ.

ತಂಗಿ ನಿಧಾನಕ್ಕೆ, "ಅದೆಲ್ಲ ಏನೂ ಅಲ್ಲ. ಹಲ್ಲು ಕಟ್ಟಿಸಿಕೊಂಡಿದ್ದ" ಅಂದಳು.

ಅವಳು ಶಾಲು ಸರಿ ಮಾಡಿಕೊಂಡು ಹೇಳುತ್ತಾ ಹೋದಳು. ಆಗ ಅವಳು ಟಿವಿ ಸ್ಟೇಷನ್ನಿನಲ್ಲಿ ಮೇಕಪ್ ಸಹಾಯಕಿ. ಎರಡನೇ ಟಿವಿಗೂ ಮೂರನೇ ಟಿವಿಗೂ ಅವನಿಗೆ ಪೌಡರ್ ಹಚ್ಚಿದ್ದು ಇವಳೇ. ಎರಡನೆಯದರಲ್ಲಿ ಮುಂದಿನ ಹಲ್ಲು ಮುರಿದಿತ್ತು. ಮೂರನೆಯದಕ್ಕೆ ಹೊಸ ಹಲ್ಲಿನ ಪ್ಲೇಟು. ಎಲ್ಲಿ ಬಿದ್ದುಹೋಗುತ್ತೋ ಅಂತ ಬಾಯಿ ಪೂರ್ತಿ ತೆಗೀತಾ ಇರಲಿಲ್ಲ ಪಾಪ, ಅದನ್ನ ನೀವು ಸಿಟಿ ಆಕ್ಸೆಂಟ್ ಅಂತೀರಿ, ಅಂದಳು.

ಬಳಗದ ಹಲ್ಲಿನವರು — ಹಲ್ಲುಸೆಟ್ ಮಾಡುವವರು, ಮೂವತ್ತು ವರ್ಷ ಅದೇ ಕೆಲಸ — ಎದ್ದೇ ನಿಂತರು. ಆಗುತ್ತೆ, ನೂರಕ್ಕೆ ನೂರು ಆಗುತ್ತೆ ಅಂದರು. ಎರಡನೇ ಟಿವಿಯ ಟೇಪು ಹಾಕಿದರು. ನಗುವಾಗ ಕೈ ಬಾಯಿಗೆ ಹೋಗುತ್ತದೆ. ನಿಜ. ಅದನ್ನು ನಾನು ಸಂಕೋಚ ಅಂತ ಬರೆದಿದ್ದೆ. ಎರಡು ಪುಟ.

ತಂಗಿ ಆ ಸ್ಟೇಷನ್ನಿನಲ್ಲಿದ್ದದ್ದು ನನಗೆ ಗೊತ್ತು. ಬಳಗಕ್ಕೆ ಒಮ್ಮೆಯೂ ಹೇಳಿಲ್ಲ. ಯಾಕೆ ಹೇಳಬೇಕಿತ್ತು?

ಫೆಬ್ರವರಿ 10. ಬೆಳಿಗ್ಗೆ 5:40

ಅವಳಿಗೆ ಕಾಗೆಯ ಒಂದು ಹಾಡೂ ಪೂರ್ತಿ ಬರುವುದಿಲ್ಲ. ಒಂದೂ. ನನಗೆ ಎಲ್ಲ ಬರುತ್ತದೆ, ಹಾಡಿನ ನಡುವೆ ಅವನು ಉಸಿರು ತೆಗೆದುಕೊಳ್ಳುವ ಜಾಗವೂ. ಆದರೆ ಅವನ ಗಲ್ಲ ಮುಟ್ಟಿದವಳು ಅವಳು.

ತಪಸ್ಸು ಮಾಡಿದವರೊಬ್ಬರು, ವರ ಸಿಕ್ಕಿದ್ದು ದಾರಿಯಲ್ಲಿ ಹೋಗುವವರಿಗೆ.

ಫೆಬ್ರವರಿ 13. ಸಂಜೆ, ಬೂತ್

ಇವರಿಗೂ ಹೇಳಿದ್ದಾಳೆ. ನಿನ್ನೆ ಇವರು ಸ್ಕೂಲಿನ ಲ್ಯಾಬಿನಿಂದ ಬಂದು ಕೈ ತೊಳೆಯುವ ಮೊದಲೇ, ಭಾವ ಭಾವ ಅಂತ ಕೂರಿಸಿಕೊಂಡು. ಇವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಒಂದು ಹಲ್ಲಿಗೆ ಹದಿನೈದು ವರ್ಷ ಬರೆದ್ಯಲ್ಲೇ. ಬಾಯಿ ತುಂಬ ಇದ್ದಿದ್ರೆ ಏನು ಗತಿ?" ಅಂದರು ನನಗೆ. ಹೊಸ ಹಾಸ್ಯ. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಹೊಸ ಹಾಸ್ಯ, ಅದೂ ಅವಳಿಂದ.

ನನ್ನ ಬಾಚಣಿಗೆಯಲ್ಲಿ ಅವಳ ಕೂದಲು. ನನ್ನ ಕಿಟಕಿಯ ಬಳಿ ಅವಳ ಕುರ್ಚಿ. ಬಾಲ್ಯದಿಂದ ಹೀಗೇ. ನಾನು ಓದಿ ಓದಿ ತಂದ ಬಹುಮಾನದ ಲೋಟದಲ್ಲಿ ಹಾಲು ಕುಡಿದವಳು ಅವಳು.

ನಾಲ್ಕು ಗಂಟೆಯ ಬಸ್ಸನ್ನು ಆರನೇ ಪ್ಲಾಟ್‌ಫಾರಂ ಅಂದುಬಿಟ್ಟೆ. ಅದು ನಿಂತಿದ್ದದ್ದು ಎರಡರಲ್ಲಿ. ಗಂಟು ಮೂಟೆ ಹೊತ್ತು ನಲವತ್ತು ಜನ ಓಡಿದರು. ಕಂಟ್ರೋಲರ್ ಗಾಜಿನಾಚೆ ನಿಂತು ಕೈ ಮುಗಿದರು.

ಫೆಬ್ರವರಿ 16, ಭಾನುವಾರ

ಹಲ್ಲಿನವರು ಪ್ಲಾಸ್ಟರಿನ ಅಚ್ಚು ಮಾಡಿಕೊಂಡು ಬಂದಿದ್ದರು — ಕಾಗೆಯ ಬಾಯಿ ಅಂತೆ, ಅಂದಾಜಿನ ಮೇಲೆ. ಪ್ಲೇಟು ಹಾಕಿದಾಗ ನಾಲಿಗೆ ಎಲ್ಲಿ ತಾಕುತ್ತದೆ, ಸ್ವರ ಯಾಕೆ ಮೊಟಕಾಗುತ್ತದೆ — ಮುಕ್ಕಾಲು ಗಂಟೆ ವಿವರಿಸಿದರು. ಎಲ್ಲರೂ ಆ ಬಾಯಿಯನ್ನು ಕೈಯಿಂದ ಕೈಗೆ ದಾಟಿಸಿದರು. ನನ್ನ ಕೈಗೂ ಬಂತು. ತಣ್ಣಗಿತ್ತು.

ಬಳಗ ಒಂದು ಪುಸ್ತಕ ಅಚ್ಚು ಹಾಕಿಸುತ್ತಿದೆ. ಮೊದಲ ಪುಟ ನನ್ನ ಲೇಖನಕ್ಕೆ ಅಂತ ನಾಲ್ಕು ತಿಂಗಳಿಂದ ಮಾತು. ಮೆಕ್ಯಾನಿಕ್ಕರು ಸ್ಕ್ರೂಡ್ರೈವರ್‌ನಿಂದ ಕಿವಿ ತುರಿಸಿಕೊಳ್ಳುತ್ತಾ, ಮುಖ ನೋಡದೆ, ತಂಗಿಯವರ ಅನುಭವ ಮೊದಲು ಬರಲಿ, ನಿಮ್ಮದು ಹಿಂದಕ್ಕೆ ಹಾಕೋಣ, ಅಧ್ಯಯನ ಅಲ್ಲವಾ ಅಂದರು. ಅಧ್ಯಯನ. ಬೈಗುಳದ ಹಾಗೆ ಕೇಳಿಸಿತು. ಖಂಡಿತ ಹಾಕಿ, ಅದೇ ಸರಿ ಅಂದೆ. ಬಸ್ ಸ್ಟಾಂಡಿನ ದನಿಯಲ್ಲಿ ಅಂದೆ. ಆ ದನಿಗೆ ಏನೂ ಆಗುವುದಿಲ್ಲ.

ದಾರಿಯಲ್ಲಿ ತಂಗಿ, "ಬೇಜಾರಾಯ್ತಾ ಅಕ್ಕ?" ಅಂದಳು.
ಯಾವುದಕ್ಕೆ, ಅಂದೆ.

ಮಾರ್ಚ್ 1, ಶನಿವಾರ

ಹದಿಮೂರು ದಿನ ಬರೆದಿಲ್ಲ. ಕಳೆದ ಭಾನುವಾರ ತಲೆನೋವು ಅಂತ ಹೋಗಲಿಲ್ಲ. ಅವಳೊಬ್ಬಳೇ ಹೋಗಿ ಬಂದಳು. ಪದ್ಯದ ಪುಸ್ತಕ ತೆರೆದಿಲ್ಲ — ತೆರೆದರೆ ಪ್ರತಿ ಸಾಲಿನಲ್ಲೂ ಹಲ್ಲು.

ಇವತ್ತು ಎಂಟೂವರೆ ಬಸ್ಸು ಕೂಗುತ್ತಿದ್ದಾಗ ಹೊಳೆಯಿತು. ಮೂರನೇ ಟಿವಿ ಏಪ್ರಿಲ್‌ನಲ್ಲಿ. ಅವಳು ಆ ಕೆಲಸದಲ್ಲಿ ಇದ್ದದ್ದು ಮೂರೇ ತಿಂಗಳು. ಯಾವ ಕೆಲಸಕ್ಕೂ ಅಂಟಿಕೊಂಡವಳಲ್ಲ. ಹೊಸ ವರ್ಷಕ್ಕೆ ಸೇರಿದ್ದು ನೆನಪಿದೆ, ನನ್ನ ಕೋಟು ಹಾಕಿಕೊಂಡು ಹೋಗಿದ್ದಳು. ಜನವರಿ, ಫೆಬ್ರವರಿ, ಮಾರ್ಚ್. ಏಪ್ರಿಲ್ ಹನ್ನೆರಡಕ್ಕೆ ಅವಳು ಅಲ್ಲಿ ಇದ್ದಳಾ?

ನಾನು ಆಗಲೂ ಡೈರಿ ಬರೆಯುತ್ತಿದ್ದೆ. ಮಂಚದ ಕೆಳಗಿನ ಟ್ರಂಕಿನಲ್ಲಿದೆ.

ಮಾರ್ಚ್ 2, ಭಾನುವಾರ. ಬೆಳಿಗ್ಗೆ 9:00

ಸಿಕ್ಕಿತು. ನೀಲಿ ರಟ್ಟು. ಇಪ್ಪತ್ತೆರಡು ವರ್ಷದವಳ ಅಕ್ಷರ, ದುಂಡಗೆ, ದೊಡ್ಡದಾಗಿ, ಯಾರೋ ಓದುತ್ತಾರೆ ಅಂತ ಬರೆದ ಹಾಗೆ.

ಏಪ್ರಿಲ್ 8 — "ತಂಗಿ ಕೆಲಸಕ್ಕೆ ಹೋಗುತ್ತಿಲ್ಲ. ಇವತ್ತಿಗೆ ಆರು ದಿನ. ಹೋಗು ಅಂದರೂ ಕೇಳುವುದಿಲ್ಲ." ಇಷ್ಟು ಸಾಕು. ಆರು ದಿನ ಹೋಗದವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಹನ್ನೆರಡಕ್ಕೆ ಅವಳು ಅಲ್ಲಿರಲಿಲ್ಲ. ಪೌಡರೂ ಇಲ್ಲ, ಪ್ಲೇಟೂ ಇಲ್ಲ. ಎರಡನೇ ಟಿವಿಯಲ್ಲಿ ಮುರಿದ ಹಲ್ಲು ನೋಡಿರಬಹುದು. ಮಿಕ್ಕದ್ದು ಕಟ್ಟುಕತೆ.

ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ: ಬಹಳ ಸಂತೋಷ. ಮಧ್ಯಾಹ್ನ ಬಳಗದಲ್ಲಿ ಓದುತ್ತೇನೆ. ದನಿ ಏರಿಸುವುದಿಲ್ಲ. ಬಸ್ಸು ರದ್ದಾಗಿದೆ ಅಂತ ಹೇಳುವಾಗ ಹೇಗೆ ಹೇಳುತ್ತೇನೋ ಹಾಗೆ.

ಎಲ್ಲಿಯವರೆಗೆ ಓದಬೇಕು ಅಂತ ಗುರುತು ಹಾಕಿಕೊಳ್ಳಬೇಕು. ಮುಂದಿನ ಪುಟಗಳು ಒಂದಕ್ಕೊಂದು ಅಂಟಿಕೊಂಡಿವೆ. ಏನೋ ಚೆಲ್ಲಿದ್ದು. ಸಿಹಿ ಔಷಧದ ವಾಸನೆ ಇನ್ನೂ —

ಮಾರ್ಚ್ 5, ಬುಧವಾರ. ಬೂತ್

ಭಾನುವಾರ ಹೋಗಲಿಲ್ಲ. ಅವಳಿಗೂ ಹೋಗಬೇಡ ಅಂದೆ. ಯಾಕೆ ಅಂತ ಕೇಳಲಿಲ್ಲ.

ಆ ಪುಟ ಬಿಡಿಸಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನೊಮ್ಮೆ ಮರೆಯದಿರಲಿ.

"ಏಪ್ರಿಲ್ 13. ಕಣ್ಣು ಇನ್ನೂ ಹಳದಿ. ಐದು ದಿನದ ಮೇಲೆ ಪೆನ್ನು ಹಿಡಿದಿದ್ದೇನೆ. ಪಕ್ಕದ ಹಾಸಿಗೆಯ ಅಜ್ಜಿಗೆ ವಾಸಿಯಾಯಿತು. ನಿನ್ನೆ ಕಾಗೆ ಟಿವಿಯಲ್ಲಿ! ಏಳಲು ಆಗಲಿಲ್ಲ, ಅತ್ತುಬಿಟ್ಟೆ. ತಂಗಿ ಆಸ್ಪತ್ರೆಯ ವಾಚ್‌ಮನ್ ಕೋಣೆಗೆ ಓಡಿಹೋಗಿ ಬಾಗಿಲಲ್ಲಿ ನಿಂತು ನೋಡಿಕೊಂಡು ಬಂದಳು. ಬಂದು ಔಷಧದ ಚಮಚವನ್ನೇ ಮೈಕು ಮಾಡಿಕೊಂಡು ಇಡೀ ವಾರ್ಡಿಗೆ ಮಾಡಿ ತೋರಿಸಿದಳು. ಒಂಬತ್ತು ಹಾಸಿಗೆಯವರೂ ಎದ್ದು ಕೂತರು. ಊರು ಯಾವುದು ಅಂದರೆ 'ಇಲ್ಲೇ' ಅಂದನಂತೆ. ಅವಳು ಅದನ್ನು ಅಂದ ರೀತಿಗೆ ಮೈ ಜುಮ್ಮೆಂದಿತು. ಅವನ ಮಾತೇ ಬದಲಾಗಿಹೋಗಿದೆ ಅಕ್ಕ ಅಂದಳು. ನಕ್ಕು ಔಷಧ ಚೆಲ್ಲಿದೆ."

ಕಾಮಾಲೆ ಆದದ್ದು ನೆನಪಿತ್ತು. ಪರೀಕ್ಷೆ ಮುಗಿದ ಮೇಲೆ ಅಂತ ಅಂದುಕೊಂಡಿದ್ದೆ.

ಅಂಗಡಿ ಇರಲಿಲ್ಲ. ಗುಂಪು ಇರಲಿಲ್ಲ. ಒಂಬತ್ತು ಟಿವಿ — ಒಂಬತ್ತು ಹಾಸಿಗೆ. ಸುಳ್ಳೋ, ಮರೆವೋ? ಬಳಗಕ್ಕೆ ಸೇರಿದ ದಿನ ಮೆಕ್ಯಾನಿಕ್ಕರು ಕೇಳಿದರು, ಮೂರನೇ ಟಿವಿ ಯಾರಾದರೂ ನೋಡಿದ್ದೀರಾ ಅಂತ. ಯಾರೂ ಬಾಯಿ ಬಿಡಲಿಲ್ಲ. ನನ್ನ ಕೈ ಮೇಲೆ ಹೋಯಿತು. ಆ ಮೊದಲ ಸಲ ಗೊತ್ತಿತ್ತು ಅನ್ನಿಸುತ್ತದೆ. ಎರಡನೇ ಸಲದಿಂದ ನಂಬಿದೆ. ಎಂಟು ವರ್ಷ ಹೇಳಿ ಹೇಳಿ ಅಂಗಡಿಗೆ ಸ್ಪೀಕರು ಕೂಡ ಹಾಕಿಸಿದೆ.

ತಾ ಕಳ್ಳ, ಪರರ ನಂಬ.

ಇದಕ್ಕಿಂತ ಉರಿಯುವುದು ಬೇರೆ. ಆ 'ಇಲ್ಲೇ' ನಾನು ಅವನ ಬಾಯಿಂದ ಕೇಳಿದ್ದೇ ಅಲ್ಲ. ಹದಿನೈದು ವರ್ಷ ನೋಟ್‌ಬುಕ್ಕು ತುಂಬಿಸಿದ್ದು ತಂಗಿ ಚಮಚ ಹಿಡಿದು ಅಂದ ಒಂದು ಪದಕ್ಕೆ. ನನ್ನ ಕಾಗೆಯೂ ಅವಳದೇ. ಇನ್ನೇನು ಉಳಿಯಿತು ನನ್ನದು ಅಂತ?

ಒಂದು ಮೂವತ್ತೈದರ ಬಸ್ಸು. ಕೂಗಬೇಕು.

ಮಾರ್ಚ್ 7, ಶುಕ್ರವಾರ. ಸಂಜೆ

ಕೇಳಿಯೇಬಿಟ್ಟೆ. ಇವರು ಟ್ಯೂಷನ್ ಹೇಳಲು ಹೋಗಿದ್ದರು. ಅವಳು ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ನನ್ನ ಕೂದಲಿಗೆ ಬಣ್ಣ ಹಚ್ಚುತ್ತಿದ್ದಳು. ನಾನು ಕೆಳಗೆ, ಅವಳ ಮೊಣಕಾಲಿನ ನಡುವೆ. ಮುಖ ಕಾಣದಿದ್ದರೆ ಕೇಳುವುದು ಸುಲಭ.

ಆ ಟಿವಿ ಕೆಲಸ ಯಾಕೆ ಬಿಟ್ಟೆ ಅಂದೆ.

"ಬಿಟ್ಟಿದ್ದೆಲ್ಲಿ? ಅವರೇ ತೆಗೆದ್ರು. ಹೇಳದೆ ಕೇಳದೆ ಅಷ್ಟು ದಿನ ಹೋಗದಿದ್ರೆ ಇನ್ನೇನು ಮಾಡ್ತಾರೆ? ನಿನಗೋ ಮೈಯೆಲ್ಲ ಅರಿಸಿನ. ಅಮ್ಮನಿಗೆ ನಿನ್ನ ನೋಡಿದರೇ ತಲೆ ಸುತ್ತು." ಬ್ರಷ್ಷು ನಿಲ್ಲಲಿಲ್ಲ. "ತಲೆ ಅಲ್ಲಾಡಿಸಬೇಡ, ಕಿವಿಗೆ ಹತ್ತುತ್ತೆ."

ಇಪ್ಪತ್ತೇಳು ವರ್ಷ ಅವಳನ್ನು 'ಮೂರು ತಿಂಗಳಮ್ಮ' ಅಂತ ಆಡಿಕೊಂಡಿದ್ದೇನೆ. ನೆಂಟರ ಮುಂದೆ. ಅವಳ ಗಂಡನ ಮುಂದೆ. ಅವಳೂ ನಗುತ್ತಿದ್ದಳು.

ಸ್ವಲ್ಪ ಹೊತ್ತಾದ ಮೇಲೆ, ಹಾಗಾದರೆ ಮೂರನೇ ಟಿವಿಗೆ ಪೌಡರ್ ಹಚ್ಚಿದ್ದು ಯಾರು ಅಂದೆ.

ಬ್ರಷ್ಷು ನಿಂತಿತು.

"ನೀನು ಅವತ್ತು ಅಂಗಡಿ ಮುಂದೆ ನಿಂತಿದ್ದೆ ಅಂದೆಯಲ್ಲ ಅಕ್ಕ. ಎಷ್ಟು ಚೆನ್ನಾಗಿ ಹೇಳಿದೆ. ನೀನು ಅಲ್ಲಿದ್ದ ಮೇಲೆ ನಾನೊಬ್ಬಳೇ ಆಸ್ಪತ್ರೆಯಲ್ಲಿ ಕೂತು ಏನು ಮಾಡಲಿ? ಅದಕ್ಕೆ ನಾನೂ ಮೇಕಪ್ ರೂಮಿಗೆ ಹೋದೆ."

ಇಬ್ಬರೂ ನಕ್ಕೆವು. ನನಗೆ ನಗು ಮಧ್ಯದಲ್ಲೇ ನಿಂತಿತು. ಅವಳದು ಇನ್ನೂ ಸ್ವಲ್ಪ ದೂರ ಹೋಯಿತು.

ಎಲ್ಲರೆದುರು ಒಂದು ಮಾತು ಅಂದಿದ್ದರೆ ಸಾಕಿತ್ತು — ಅಕ್ಕ, ನೀನು ಹಾಸಿಗೆ ಹಿಡಿದಿದ್ದೆ ಅಂತ. ಅನ್ನಲಿಲ್ಲ. ನನ್ನ ಸುಳ್ಳನ್ನು ಬೀಳಿಸದೆ ಅದರ ಪಕ್ಕ ತನ್ನದೊಂದು ಮನೆ ಕಟ್ಟಿಕೊಂಡಳು. ನಾನು ಟ್ರಂಕು ತೆಗೆದೆ. ಎಂ.ಎ. ಓದಿದವಳು ಟ್ರಂಕು ತೆಗೆದೆ.

ಒಳ್ಳೆಯತನದಲ್ಲೂ ಅವಳೇ ಮುಂದೆ. ಅದಕ್ಕೂ ಹೊಟ್ಟೆ ಉರಿಯುತ್ತದೆ ಅಂದರೆ ನಂಬುವವರು ಯಾರು.

ಮಾರ್ಚ್ 9, ಭಾನುವಾರ. ಬೆಳಿಗ್ಗೆ 7:15

ನಾಳೆ ಪುಸ್ತಕ ಪ್ರೆಸ್ಸಿಗೆ. ಇವತ್ತು ಎಲ್ಲರೂ ತಮ್ಮ ತಮ್ಮ ಪುಟಕ್ಕೆ ರುಜು ಹಾಕಬೇಕು.

ಸುಮ್ಮನಿರಬಹುದು. ಅವಳೂ ಸುಮ್ಮನಿರುತ್ತಾಳೆ. ಅವಳ ಹಲ್ಲು ಮೊದಲ ಪುಟದಲ್ಲಿ, ನನ್ನ ಅಂಗಡಿ ಹಿಂದಿನ ಪುಟದಲ್ಲಿ. ಯಾರಿಗೂ ನಷ್ಟವಿಲ್ಲ. ಹೇಳಿದರೆ ಆ ಕೋಣೆಯಲ್ಲಿ ನನಗೆ ಏನೂ ಇರುವುದಿಲ್ಲ. ಕುರ್ಚಿ ಕೂಡ.

ನೀಲಿ ಡೈರಿಯನ್ನು ಚೀಲಕ್ಕೆ ಹಾಕಿದೆ. ತೆಗೆದೆ. ಹಾಕಿದೆ. ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದ ತಂಗಿ ನೋಡಿಯೂ ನೋಡದ ಹಾಗೆ ಒಳಗೆ ಹೋದಳು.

ಸಂಜೆ 6:30

ಬಿಸಿಬಿಸಿಯಾಗಿ ಬರೆಯುತ್ತಿದ್ದೇನೆ.

ಸಾಕ್ಷಿ ಪುಸ್ತಕ ಮೇಜಿನ ಮೇಲಿತ್ತು. ಮೆಕ್ಯಾನಿಕ್ಕರು ಏಳನೇ ಪುಟ ತೆರೆದು, ಇದನ್ನು ಹೀಗೇ ಅಚ್ಚು ಹಾಕೋಣವಾ ಅಂದರು. ಬೇಡ ಅಂದೆ. ಅವತ್ತು ನಾನು ಅಂಗಡಿಯ ಮುಂದೆ ಇರಲಿಲ್ಲ ಅಂದೆ. ನನ್ನ ದನಿ ಸ್ಪೀಕರಿನಿಂದ ಬಂದ ಹಾಗೆ ತಡವಾಗಿ ಕೇಳಿಸಿತು. ಆಸ್ಪತ್ರೆಯಲ್ಲಿದ್ದೆ. ಕಾಮಾಲೆ. ನಾನು ಏನೂ ನೋಡಿಲ್ಲ. ನೋಡಿದವಳು ಇವಳು, ವಾಚ್‌ಮನ್ ಕೋಣೆಯ ಬಾಗಿಲಲ್ಲಿ ನಿಂತು. ನಾನು ಕೇಳಿದ್ದು ಇವಳ ಬಾಯಿಂದ. ಡೈರಿ ತೆರೆದು ಏಪ್ರಿಲ್ ಹದಿಮೂರನ್ನು ಪೂರ್ತಿ ಓದಿದೆ. ಅತ್ತಿದ್ದನ್ನೂ ಬಿಡಲಿಲ್ಲ. ಎಂಟನೇ ತಾರೀಖನ್ನು ಓದಲಿಲ್ಲ.

ಯಾರೂ ಚಹಾ ಹೀರಲಿಲ್ಲ.

ಹಲ್ಲಿನವರು ಅಚ್ಚನ್ನು ಮಡಿಲಲ್ಲಿಟ್ಟುಕೊಂಡು, ಮೆಲ್ಲಗೆ, ಹಾಗಾದರೆ ಪ್ಲೇಟು? ಅಂದರು. ತಂಗಿ ಅವರನ್ನು ನೋಡಿದಳು. ಮುರಿದ ಹಲ್ಲು ನಿಜ ಅಣ್ಣ, ನನ್ನ ಕಣ್ಣಾರೆ ನೋಡಿದ್ದೀನಿ, ಆಮೇಲಿನದು ನಾನು ಕಟ್ಟಿಸಿದ್ದು ಅಂದಳು. ಒಬ್ಬರು ನಕ್ಕರು. ಹಲ್ಲಿನವರು ನಗಲಿಲ್ಲ; ಅಚ್ಚನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಪಾಪ ಅನ್ನಿಸಿತು.

ಹೋಯಿತು, ಬಳಗವೇ ಹೋಯಿತು ಅಂದುಕೊಂಡೆ. ಮೆಕ್ಯಾನಿಕ್ಕರು ಪೆನ್ನು ಕೆಳಗಿಟ್ಟು ಸಾಕ್ಷಿ ಪುಸ್ತಕ ಮುಚ್ಚಿದರು. ಆಮೇಲೆ ತಂಗಿಯ ಕಡೆ ತಿರುಗಿ, ಅವತ್ತು ವಾರ್ಡಿನಲ್ಲಿ ಮಾಡಿ ತೋರಿಸಿದ್ದಿರಲ್ಲ, ಈಗಲೂ ಬರುತ್ತಾ ಅಂತ ಕೇಳಿದರು.

ಅವಳು ನನ್ನ ಮುಖ ನೋಡಿದಳು. ನಾನು ನನ್ನ ಕುರ್ಚಿ ಹಿಂದಕ್ಕೆ ಸರಿಸಿ ಜಾಗ ಮಾಡಿದೆ. ಆಗಲೂ ಹೊಟ್ಟೆಯೊಳಗೆ ಸಣ್ಣಗೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಚಮಚ ಇರಲಿಲ್ಲ. ಮೇಜಿನ ಮೇಲಿನ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಶಾಲು ಕುರ್ಚಿಗೆ ಹಾಕಿದಳು. ಭುಜ ಒಂದಿಷ್ಟು ಕುಸಿಯಿತು, ಗಲ್ಲ ಮೇಲಕ್ಕೆ ಹೋಯಿತು, ನನ್ನ ತಂಗಿ ಅಲ್ಲಿ ಇರಲಿಲ್ಲ. ಪ್ರಶ್ನೆ ಯಾರು ಕೇಳುತ್ತೀರಿ ಅಂದರು ಮೆಕ್ಯಾನಿಕ್ಕರು. ಎಲ್ಲರೂ ನನ್ನ ಕಡೆ ನೋಡಿದರು — ಮೈಕಿನಲ್ಲಿ ಮಾತಾಡುವವಳು ನಾನಲ್ಲವೇ.

"ನಿಮ್ಮ ಊರು ಯಾವುದು?" ಅಂದೆ.

ಮನೆ ಒಡೆದು ಎಂಟು ವಾರವಾದವಳು. ಸ್ಕ್ರೂಡ್ರೈವರನ್ನು ಬಾಯಿಯ ಹತ್ತಿರ ತಂದಳು, ನನ್ನ ಕಣ್ಣಲ್ಲಿ ಕಣ್ಣಿಟ್ಟು ಬಾಯಿ ತೆರೆದಳು — "ಇಲ್ಲೇ."